ನೀರು ನೋಡಿ ಬರುವ ಕೆಲಸ

ಯತೀಶನಿಗೆ ಹೆವಿ ಲೈಸೆನ್ಸ್ ಕೈಗೆ ಬಂದ ವಾರವೇ ಎರಡು ಕೆಲಸಗಳು ಅವನನ್ನು ಹುಡುಕಿಕೊಂಡು ಮನೆ ಬಾಗಿಲಿಗೆ ಬಂದವು. ಬಳ್ಳಿಗಾವಿಯ ಅಂಚಿನ ಅವರ ಕೇರಿಯಲ್ಲಿ ಇದು ಸುದ್ದಿಯಾಗುವಂಥ ಸಂಗತಿ. ಅಲ್ಲಿ ಜನ ಕೆಲಸ ಹುಡುಕಿಕೊಂಡು ಹೋಗುತ್ತಿದ್ದರೇ ಹೊರತು ಕೆಲಸವೇ ಜನರನ್ನು ಹುಡುಕಿಕೊಂಡು ಬಂದದ್ದನ್ನು ಯಾರೂ ಕಂಡಿರಲಿಲ್ಲ. ಅವನ ಅವ್ವ ದುರುಗಮ್ಮ ಎರಡೂ ಸಲ ಬಂದವರಿಗೆ ಚಹಾ ಕೊಟ್ಟಳು. ಅವರು ಎದ್ದು ಹೋದ ಮೇಲೆ ಲೋಟ ತೊಳೆಯುತ್ತ ಒಂದೇ ಪ್ರಶ್ನೆ ಕೇಳಿದಳು.

"ಸಂಜಿಗೆ ಮನಿಗೆ ಬರೋ ಕೆಲಸ ಯಾವ್ದು?"

ಸಂಜೆಗೆ ಮನೆಗೆ ಬರುವ ಕೆಲಸ ಕುಪ್ಪಗಡ್ಡೆಯ ಚಿದಂಬರನದು. ಚಿದಂಬರನಿಗೆ ಅಡಿಕೆ ತೋಟವಿತ್ತು, ಆರು ಚಕ್ರದ ಒಂದು ಲಾರಿಯಿತ್ತು. ಶಿಕಾರಿಪುರದ ಬಯಲಿನ ಹಟ್ಟಿಗಳಿಂದ ಕುರಿಗೊಬ್ಬರ ತುಂಬಿಕೊಂಡು ಸೊರಬದ ಕಡೆಯ ತೋಟಗಳಿಗೆ ಸುರಿಯುವುದು, ಅಲ್ಲಿಂದ ಅಡಿಕೆ ಚೀಲ ಹೇರಿಕೊಂಡು ಮಂಡಿಗೆ ಮುಟ್ಟಿಸುವುದು, ನಡುವೆ ಯಾರಾದರೂ ಕೇಳಿದರೆ ಸಿಮೆಂಟು, ಪೈಪು, ಮದುವೆ ಮನೆಯ ಕುರ್ಚಿ. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಮನೆ.

ಎರಡನೆಯದು ಶಿಕಾರಿಪುರದ ಪರಮಶಿವಪ್ಪ ಓಡಿಸುತ್ತಿದ್ದ ಹನ್ನೆರಡು ಚಕ್ರದ ಲಾರಿಯಲ್ಲಿ ಸೆಕೆಂಡ್ ಡ್ರೈವರ್ ಆಗುವುದು. ಸೊರಬದಲ್ಲಿ ಅನಾನಸ್ ತುಂಬಿದರೆ ಇಳಿಸುವುದು ದಿಲ್ಲಿಯಲ್ಲಿ. ಬರುವಾಗ ಏನು ಸಿಕ್ಕಿದರೆ ಅದು, ಎಲ್ಲಿಗೆ ಸಿಕ್ಕಿದರೆ ಅಲ್ಲಿಗೆ. ವಾಪಸು ಯಾವಾಗ ಅಂತ ಆ ಕೆಲಸದವರನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಅವರು ಆಕಾಶ ನೋಡುತ್ತಾರೆ.

ಇಬ್ಬರಿಗೂ ಸೋಮವಾರದೊಳಗೆ ಉತ್ತರ ಬೇಕಿತ್ತು. ಚಿದಂಬರನಿಗೆ ಗೊಬ್ಬರದ ಕಾಲ ಶುರುವಾಗಿತ್ತು. ಪರಮಶಿವಪ್ಪನ ಅನಾನಸ್ ಸೋಮವಾರವೇ ಹೊರಡಬೇಕಿತ್ತು. ಯಾರಿಗೆ ಇಲ್ಲ ಎಂದರೂ ಅವರು ಮರುದಿನವೇ ಬೇರೊಬ್ಬನನ್ನು ಕೂರಿಸಿಕೊಳ್ಳುತ್ತಾರೆ ಎಂಬುದು ಯತೀಶನಿಗೆ ಗೊತ್ತಿತ್ತು.

ಅವನು ಲಾರಿ ಕಲಿತದ್ದೇ ಊರು ನೋಡುವುದಕ್ಕೆ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಯಾಕೆಂದರೆ ಆ ಮನೆಯಲ್ಲಿ ಊರು ನೋಡದೆ ಉಳಿದವನು ಅವನೊಬ್ಬನೇ. ಒಂದು ಕಾಲಕ್ಕೆ ಅವರದು ದೊಡ್ಡ ಕುರಿಮಂದೆ. ಮಳೆ ಹಿಂದೆ ಸರಿದು ಹೊಲಗಳು ಖಾಲಿಯಾಗುತ್ತಿದ್ದಂತೆ ಅಪ್ಪ ಚೌಡಪ್ಪ, ಅವ್ವ ದುರುಗಮ್ಮ, ಅಣ್ಣ ಮಹಾಂತೇಶ ಕುದುರೆಯ ಮೇಲೆ ಪಾತ್ರೆ ಕಂಬಳಿ ಹೇರಿ, ಕುರಿ ಹೊಡೆದುಕೊಂಡು ಹೊರಟರೆ ತಿರುಗಿ ಬರುತ್ತಿದ್ದದ್ದು ಮುಂಗಾರಿನ ಮೋಡ ಕಂಡ ಮೇಲೆ. ಯತೀಶ ಚಿಕ್ಕವನು, ಅವನಾದರೂ ಶಾಲೆ ಕಲಿಯಲಿ ಎಂದು ಅಜ್ಜಿ ಬಂಗಾರಮ್ಮನ ಹತ್ತಿರ ಬಿಟ್ಟು ಹೋಗುತ್ತಿದ್ದರು. ಅವನು ಜೊತೆಗೆ ನಡೆಯುವಷ್ಟು ದೊಡ್ಡವನಾಗುವ ಹೊತ್ತಿಗೆ ಮಂದೆ ಮಾರಿ ಜಮೀನು ತೆಗೆದುಕೊಂಡಿದ್ದರು. ಈಗ ಹಿತ್ತಲ ಹಟ್ಟಿಯಲ್ಲಿ ಉಳಿದದ್ದು ಒಂದಿಷ್ಟು ಕುರಿ, ಅಪ್ಪನ ಕೈ ಸುಮ್ಮನಿರಲಾರದು ಎಂಬ ಕಾರಣಕ್ಕೆ.

ಆದರೆ ಊಟಕ್ಕೆ ಕೂತಾಗ ಮಾತು ಮಾತ್ರ ಅದೇ ದಾರಿ ಹಿಡಿಯುತ್ತಿತ್ತು. "ಅದೇ, ನಾಯಿ ತಪ್ಪಿಸ್ಕೊಂಡ ಹಳ್ಳ," ಎಂದು ಅಪ್ಪ ಅಂದರೆ ಅವ್ವನಿಗೂ ಅಣ್ಣನಿಗೂ ನಗು ಒತ್ತರಿಸಿ ಬರುತ್ತಿತ್ತು. ಯತೀಶನೂ ನಗುತ್ತಿದ್ದ, ಉಳಿದವರಿಗಿಂತ ಒಂದು ಗಳಿಗೆ ತಡವಾಗಿ.

ಎರಡು ಕೆಲಸದ ವಿಷಯ ಕೇಳಿದ ಚೌಡಪ್ಪ ಕಂಬಕ್ಕೆ ಒರಗಿ ಕೂತು ಕಾಲು ಚಾಚಿದ. ಹಳೆಯ ದಿನಗಳಲ್ಲಿ ಅವರ ಗುಂಪಿನ ಮುಂದಾಳು ಅವನೇ. ಮಂದೆ ಎಬ್ಬಿಸುವ ಮುಂಚೆ ಒಬ್ಬ ಬರಿಗೈಯಲ್ಲಿ ಮುಂದೆ ಹೋಗಿ, ಮುಂದಿನ ಹಾದಿ ನೋಡಿಕೊಂಡು ಬಂದು ಹೇಳಬೇಕು. ಅವನು ಬಂದು ಹೇಳುವ ತನಕ ಒಂದು ಕುರಿಯೂ ಏಳುವಂತಿಲ್ಲ.

"ಮುಂದ್ ಹೋಗಿ ನೋಡ್ಕೊಂಡ್ ಬಾ," ಅಂದ ಚೌಡಪ್ಪ. "ಎರಡು ಕಡೀನೂ ನೋಡು. ಬಂದು ಹೇಳು. ಆಮೇಲೆ ಮಂದೆ ಏಳ್ತೈತೆ."

"ಮಂದೆ ಎಲ್ಲೈತಪ್ಪಾ ಈಗ?"

"ನೀನೇ ಐದೀಯಲ್ಲಲೇ, ಅಷ್ಟು ಕುರಿ ಸೇರಿದಂಗೆ."

ಶನಿವಾರ ಯತೀಶ ಚಿದಂಬರನ ಲಾರಿ ಹತ್ತಿದ. ಹಣೆಯ ಮೇಲೆ 'ಶ್ರೀ ರೇಣುಕಾಂಬ ಪ್ರಸನ್ನ' ಎಂದು ಬರೆಸಿದ ಹಳದಿ ಲಾರಿ. ಹಿಂದೆ ಕುರಿಗೊಬ್ಬರ ತುಂಬಿ ತಾಡಪಾಲು ಬಿಗಿದಿತ್ತು. ಪಕ್ಕದಲ್ಲಿ ಚಿದಂಬರ, ತೊಡೆಯ ಮೇಲೆ ಟವೆಲು, ಕೈಯಲ್ಲಿ ಫೋನು. ಐವತ್ತು ದಾಟಿದ ಮನುಷ್ಯ, ಬಾಯಿ ಮುಚ್ಚಿ ಕೂತರೆ ಉಸಿರು ಕಟ್ಟೀತು ಎಂಬ ಭಯವಿದ್ದವನಂತೆ ಮಾತಾಡುತ್ತಿದ್ದ.

"ಆ ಹೆಂಚಿನ ಮನೆ ನೋಡು. ಅಣ್ಣ ತಮ್ಮ ಮಾತಾಡಲ್ಲ. ಆದ್ರೆ ಗೊಬ್ಬರ ಇಬ್ರೂ ನನ್ನತ್ರನೇ ತರ್ಸದು. ಒಬ್ಬಂಗೆ ಸುರಿಯೋವಾಗ ಇನ್ನೊಬ್ಬ ಕಿಟಕೀಲಿ ನಿಂತು ಅಳತೆ ನೋಡ್ತಾನೆ ಮಾರಾಯ. ನೀನು ಇಬ್ರಿಗೂ ಒಂದೇ ನಮೂನಿ ನಗಾಡ್ಬೇಕು. ಗೇರ್ ಹಾಕದಕ್ಕಿಂತ ಕಷ್ಟ ಅದು."

ಶಿರಾಳಕೊಪ್ಪದಲ್ಲಿ ನಿಲ್ಲಿಸಿ ಮಂಡಕ್ಕಿ ಮೆಣಸಿನಕಾಯಿ ತಿಂದರು. ಚಿದಂಬರ ಅಂಗಡಿಯವನ ಮಗಳ ಬಾಣಂತನದಿಂದ ಹಿಡಿದು ಪಕ್ಕದ ಗ್ಯಾರೇಜಿನವನ ಬೋರ್‌ವೆಲ್ಲಿನ ತನಕ ವಿಚಾರಿಸಿದ. ಹೊರಡುವಾಗ ಯತೀಶನಿಗೆ ಸಣ್ಣ ಆಶ್ಚರ್ಯ. ನೋಡಲು ಏನೂ ಇಲ್ಲ ಎಂದುಕೊಂಡು ಹತ್ತಿದ ಲಾರಿಯಲ್ಲಿ ನೋಡುವುದು ಇಷ್ಟಿದೆ. ಬೈಕಿನಲ್ಲಿ ನೂರು ಸಲ ಓಡಾಡಿದ ರಸ್ತೆಯ ಎರಡೂ ಬದಿಗೆ ಈಗ ಜನ ಬಂದು ನಿಂತ ಹಾಗಿತ್ತು.

ಸೊರಬದ ಕಡೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ರಸ್ತೆ ತುಂಬ ಕುರಿ.

ಮೇಲಿನ ಸೀಮೆಯಿಂದ ಬಂದ ಮಂದೆ. ಕಪ್ಪು, ಕಂದು ಬೆನ್ನುಗಳು ಡಾಂಬರಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಿಧಾನವಾಗಿ ಹರಿಯುತ್ತಿದ್ದವು. ಯತೀಶ ಲಾರಿ ನಿಲ್ಲಿಸಿದ.

"ಹಾರ್ನ್ ಹಾಕು," ಅಂದ ಚಿದಂಬರ.

"ಹಾರ್ನಿಗೆ ಬೆದರಿ ಚದುರಿ ಹೋಗ್ತಾವೆ ಅಣ್ಣಾ. ಕುರಿಗೆ ಕುರಿಯೋರ ಕೂಗೇ ಆಗ್ಬೇಕು. ನಂಗೆ ಬರ್ತೈತೆ."

ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಗಂಟಲಿನಿಂದ ದನಿ ತೆಗೆದು ಕೂಗಿದ. "ಹುರ್‍ರ್ಯಾ... ಬಾ ಬ್ಬಾ ಬ್ಬಾ..."

ಮಂದೆ ನಿಂತಿತು. ಮುಂದಿದ್ದ ಹೋತ ಕತ್ತು ತಿರುಗಿಸಿತು. ಆಮೇಲೆ ಇಡೀ ಮಂದೆ, ಯಾರೋ ಚಾಪೆ ಸುತ್ತಿದ ಹಾಗೆ ಹಿಂದಕ್ಕೆ ಸುತ್ತಿಕೊಂಡು, ಲಾರಿಯ ಕಡೆಗೇ ಓಡಿ ಬಂತು. ಗಾಲಿಗಳ ಸಂದಿಗೆ ನುಗ್ಗಿದವು. ಬಂಪರಿಗೆ ಮೈ ಉಜ್ಜಿದವು. ಒಂದೆರಡು ಕುರಿ ಲಾರಿಯ ನೆರಳಿನಲ್ಲಿ ಆರಾಮಾಗಿ ಮಲಗಿಯೇ ಬಿಟ್ಟವು.

"ಎಂತ ಮಾಡಿದ್ಯೋ?" ಅಂದ ಚಿದಂಬರ, ಕಾಲು ಮೇಲೆತ್ತಿಕೊಂಡು.

ಯತೀಶನಿಗೂ ಗೊತ್ತಾಗಲಿಲ್ಲ. ಹಿಂದೆ ಬಂದು ನಿಂತ ಬಸ್ಸು ಹಾರ್ನ್ ಮಾಡಲು ಶುರು ಮಾಡಿತು. ಕಂಡಕ್ಟರ್ ಇಳಿದು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. ಯಾರೋ ಬಸ್ಸಿನ ಕಿಟಕಿಯಿಂದ ಫೋನು ಹಿಡಿದು ವಿಡಿಯೋ ಮಾಡತೊಡಗಿದರು. ಕುರಿಗಳ ನಡುವಿನಿಂದ ದಾರಿ ಮಾಡಿಕೊಂಡು ಬಂದವನು ಯತೀಶನದೇ ವಯಸ್ಸಿನ ಕುರಿಗಾರ. ಜೀನ್ಸು, ಹೆಗಲ ಮೇಲೆ ಕಂಬಳಿ, ಒಂದು ಕಿವಿಯಲ್ಲಿ ಇಯರ್‌ಫೋನು.

"ಯಾಂವಲೇ ಅಂವಾ, ನನ್ನ ಕುರಿ ಕರದಾಂವ?"

"ನಾನೇ. ಸರೀಲಿ ಅಂತ ಕೂಗಿದೆ."

"ಸರೀಲಿ ಅಂತ? ನೀ ಕೂಗಿದ್ದು ಸಂಜಿಗೆ ಹಟ್ಟಿಗೆ ಬರ್ರಿ ಅಂತ! ಮ್ಯಾಲ ಕುರಿ ಹಿಕ್ಕಿ ಬ್ಯಾರೆ ಹೇರಕೊಂಡ ಬಂದೀರಿ. ಇನ್ನೇನ, ಈ ಲಾರೀನ ಅವಕ್ಕ ಮನಿ ಆತು. ಎಬ್ಬಸ್ ನೋಡೂಣು ಈಗ."

ಚಿದಂಬರ ನಗಲು ಶುರು ಮಾಡಿದ. ಅವನ ಹೊಟ್ಟೆ ಡ್ಯಾಶ್‌ಬೋರ್ಡಿಗೆ ತಾಗಿ ತಾಗಿ ಬರುತ್ತಿತ್ತು. ಯತೀಶ ಬೆವರು ಒರೆಸಿಕೊಂಡ. ಅವನಿಗೆ ಆಗ ಹೊಳೆಯಿತು. ಕುರಿಗಾರರ ಮನೆಯಲ್ಲಿ ಹುಟ್ಟಿ ಅವನು ಕೇಳಿಸಿಕೊಂಡದ್ದು ಇದೊಂದೇ ಕೂಗು, ಹಿತ್ತಲ ಹಟ್ಟಿಯಲ್ಲಿ ಅಪ್ಪ ಸಂಜೆ ಕೂಗುವ ಕೂಗು. ಹೊರಡಿಸುವ ಕೂಗು ಹಾದಿಯ ಮೇಲಿನದು. ಆ ಹಾದಿಗೆ ಅವನನ್ನು ಕರೆದುಕೊಂಡೇ ಹೋಗಿರಲಿಲ್ಲ.

ಕುರಿಗಾರ ಇಯರ್‌ಫೋನು ಕಿತ್ತು ಜೇಬಿಗೆ ಹಾಕಿಕೊಂಡು, ಕೋಲು ನೆಲಕ್ಕೆ ಕುಟ್ಟಿ, ಬೇರೆಯದೇ ಒಂದು ದನಿ ತೆಗೆದ. ಎಳೆದು, ಕೆಳಕ್ಕೆ ಇಳಿಸಿ, ಕೊನೆಯಲ್ಲಿ ಚಕ್ಕನೆ ಕತ್ತರಿಸಿದ ದನಿ. ಮಲಗಿದ್ದವು ಎದ್ದವು. ಮಂದೆ ರಸ್ತೆಯ ಎಡಕ್ಕೆ ಸರಿಯಿತು.

ಹೋಗುವ ಮುಂಚೆ ಅವನು ಕಿಟಕಿಯ ಹತ್ತಿರ ಬಂದ. ಸಿಟ್ಟು ಇಳಿದಿತ್ತು. "ಇಲ್ಲಿಯಾಂವ ಏನು ನೀ?"

"ಹೂಂ, ಬಳ್ಳಿಗಾವಿ."

"ಮುಂದ ಒಂದ ಕೆರಿ ಐತೆಂತ. ನೀರ ಅದಾವೇನ?"

ಯತೀಶ ಆ ಕೆರೆಯ ಏರಿಯ ಪಕ್ಕದಲ್ಲಿ ಹಾಯ್ದು ಹೋಗಿದ್ದಕ್ಕೆ ಲೆಕ್ಕವಿರಲಿಲ್ಲ. ಏರಿ ಕಣ್ಣ ಮುಂದೆ ಬಂತು, ಏರಿಯ ಮೇಲಿನ ಮರ ಬಂತು. ನೀರು ಮಾತ್ರ ಬರಲಿಲ್ಲ. "ಇರಬಹುದು," ಅಂದ.

"ಇರಬಹುದು ಅನ್ನೂದನ್ನ ಕುರಿ ಕುಡೀತಾವೇನಪಾ?" ಅಂದು ಕುರಿಗಾರ ಮಂದೆಯ ಹಿಂದೆ ಹೊರಟುಹೋದ.

ಸೊರಬದ ಚಹಾ ಅಂಗಡಿಗೆ ಅವರಿಗಿಂತ ಮೊದಲೇ ವಿಡಿಯೋ ಬಂದು ತಲುಪಿತ್ತು. "ಚಿದಂಬರಣ್ಣ, ಕುರಿ ಕರ್ದವ ಇವನೇನಾ?" ಎಂದು ಒಳಗಿನಿಂದ ಯಾರೋ ಕೂಗಿದರು. ಇನ್ನೊಬ್ಬರು ಎಮ್ಮೆ ಕರೆಯಲೂ ಬರುತ್ತದಾ ಎಂದು ಕೇಳಿದರು, ಮನೆ ಎಮ್ಮೆ ಎರಡು ದಿನದಿಂದ ಬಂದಿಲ್ಲವಂತೆ. ಕುಪ್ಪಗಡ್ಡೆಯಲ್ಲಿ ಗೊಬ್ಬರ ಇಳಿಸುವಾಗ ಚಿದಂಬರನ ಹೆಂಡತಿ ಸತ್ಯವತಿ ದೋಸೆ ತಂದಿಟ್ಟು, "ಗಂಟಲು ನೋವಿದ್ರೆ ಬಿಸಿನೀರು ಕೊಡಲಾ?" ಅಂದರು. ಅವರ ತುಟಿಯ ಅಂಚು ನೋಡಿಯೇ ಅವನಿಗೆ ಗೊತ್ತಾಯಿತು, ಇಲ್ಲಿಗೂ ಮುಟ್ಟಿದೆ. ಅವನೂ ನಕ್ಕ. ಈ ಸಲ ತಡವಾಗಿ ಅಲ್ಲ.

"ಹೆಸರು ಬಿತ್ತು ನಿಂಗೆ," ಅಂದ ಚಿದಂಬರ. "ಇನ್ನು ಈ ತಾಲ್ಲೂಕಲ್ಲಿ ಯಾವ ಗೇಟಿಗೆ ಹೋದ್ರೂ ತೆಗೀತಾರೆ. ಒಳ್ಳೇದೇ ಆಯ್ತು ಮಾರಾಯ. ಸೋಮವಾರ ಬರ್ತೀಯಲ್ಲ?"

ಬರಬಾರದು ಎನ್ನಲು ಯತೀಶನಿಗೆ ಒಂದು ಕಾರಣವೂ ಸಿಗಲಿಲ್ಲ. "ಹೇಳ್ತೀನಣ್ಣಾ," ಅಂದ.

ಮುಂದಿನ ಲೋಡಿಗೆಂದು ಖಾಲಿ ಲಾರಿಯನ್ನು ಶಿಕಾರಿಪುರದ ಹಟ್ಟಿಗೆ ಬಿಡಲು ಒಬ್ಬನೇ ಹಿಂದಕ್ಕೆ ತರುವಾಗ ಕೆರೆಯ ಹತ್ತಿರ ನಿಲ್ಲಿಸಿ ಏರಿ ಹತ್ತಿದ. ನೀರಿತ್ತು. ಆದರೆ ರಸ್ತೆಯ ಕಡೆ ಬರೀ ಕೆಸರು, ಕುರಿ ಇಳಿದರೆ ಹೂತುಹೋಗುತ್ತವೆ. ಆಚೆ ದಡದಲ್ಲಿ ಮೊರಂ ನೆಲ, ಗಟ್ಟಿ. ಇದನ್ನು ಹೇಳಬೇಕೆಂದು ಅವನು ಮಂದೆ ಸಿಕ್ಕ ಜಾಗಕ್ಕೆ ಬಂದ. ಹಿಕ್ಕೆ ಮಾತ್ರ ಬಿದ್ದಿತ್ತು. ಮಂದೆ ಯಾವುದೋ ಹೊಲದ ದಾರಿ ಹಿಡಿದು ಹೋಗಿಬಿಟ್ಟಿತ್ತು. ಹೇಳುವವನಿದ್ದೂ ಕೇಳುವವರಿಲ್ಲದೆ ಆ ಸಣ್ಣ ಸುದ್ದಿ ಅವನ ಹತ್ತಿರವೇ ಉಳಿಯಿತು.

ಭಾನುವಾರ ಅವನು ಚಂದ್ರಗುತ್ತಿ ರಸ್ತೆಯ ಅನಾನಸ್ ಹೊಲಕ್ಕೆ ಹೋದ. ದೊಡ್ಡ ಲಾರಿ ಹೊಲದ ಬಾಯಿಗೆ ಹಿಂದುಮುಂದಾಗಿ ನಿಂತಿತ್ತು. ಆಳುಗಳು ಹುಲ್ಲು ಹಾಸಿ, ಹಣ್ಣು ಜೋಡಿಸಿ, ಮತ್ತೆ ಹುಲ್ಲು ಹಾಸುತ್ತಿದ್ದರು. ಪರಮಶಿವಪ್ಪ ಕ್ಯಾಬಿನ್ನಿನ ನೆರಳಲ್ಲಿ ಕೂತು ಶರ್ಟಿನ ಗುಂಡಿ ಹೊಲಿಯುತ್ತಿದ್ದ. ತೆಳ್ಳಗಿನ ಮನುಷ್ಯ, ಮೂಗಿನ ತುದಿಯಲ್ಲಿ ಕನ್ನಡಕ. ಚಿದಂಬರ ಎಷ್ಟು ಮಾತಾಡುತ್ತಿದ್ದನೋ ಇವನು ಅಷ್ಟು ಮಾತು ಉಳಿಸುವವನು.

ಯತೀಶ ರಾತ್ರಿಯೆಲ್ಲ ಪ್ರಶ್ನೆ ಕೂಡಿಟ್ಟುಕೊಂಡಿದ್ದ.

"ಪರಮಣ್ಣ, ದಿಲ್ಲಿ ಹೆಂಗೈತೆ?"

"ಗೇಟ್ ಐತೆ."

"ಇಂಡಿಯಾ ಗೇಟಾ?"

"ಮಂಡಿ ಗೇಟು. ಹಗಲು ಲಾರಿ ಒಳಗೆ ಬಿಡಲ್ಲ. ಹೊರಗೆ ಸಾಲಿಗೆ ನಿಲ್ಬೇಕು."

"ಆಗ್ರಾದ ಮ್ಯಾಲೆ ಹೋಗ್ತೀರಲ್ಲ, ತಾಜ್‌ಮಹಲ್ ನೋಡೀರಾ?"

"ಬೈಪಾಸ್ ಐತೆ."

"ಗ್ವಾಲಿಯರು? ಅಲ್ಲಿ ಕೋಟೆ ಐತಂತಲ್ಲ."

"ಬೈಪಾಸು."

"ಇಂದೋರು?"

ಪರಮಶಿವಪ್ಪ ದಾರವನ್ನು ಹಲ್ಲಿನಿಂದ ಕಡಿದು ಸ್ವಲ್ಪ ಯೋಚಿಸಿದ. "ಅದಕ್ಕೂ ಐತೆ. ಒಳ್ಳೆ ಬೈಪಾಸು," ಅಂದ.

ಯತೀಶ ಲೆಕ್ಕ ಹಾಕಿದ. ಈ ಮನುಷ್ಯ ಮದುವೆಯಾದಂದಿನಿಂದ ಇದೇ ದಾರಿಯಲ್ಲಿದ್ದಾನೆ. ಅರ್ಧ ದೇಶವನ್ನು ಹಾಯ್ದು ಹೋಗಿ ಹಾಯ್ದು ಬಂದಿದ್ದಾನೆ. ನೋಡಿದ್ದು ಒಂದು ಗೇಟು. ಚಿದಂಬರ ಶಿರಾಳಕೊಪ್ಪ ದಾಟುವಷ್ಟರಲ್ಲಿ ಇದಕ್ಕಿಂತ ಹೆಚ್ಚು ತೋರಿಸಿದ್ದ. ಊರು ನೋಡುವ ಆಸೆಗೆ ಕುಪ್ಪಗಡ್ಡೆಯ ಲಾರಿಯೇ ಸರಿ ಎನ್ನುವುದಾದರೆ ಅವನು ಇಷ್ಟು ವರ್ಷ ಆಸೆಪಟ್ಟದ್ದಾದರೂ ಏನು?

"ನಾಳೆ ಊಟದ ಹೊತ್ತಿಗೆ ಬಿಡ್ತೀನಿ," ಅಂದ ಪರಮಶಿವಪ್ಪ. "ಬಂದ್ರೆ ಬಾ. ಬರ್ದಿದ್ರೆ ಫೋನ್ ಮಾಡು. ಹಣ್ಣು ಕಾಯಲ್ಲ."

ಸಂಜೆ ಹಿತ್ತಲಲ್ಲಿ ಚೌಡಪ್ಪ ವರದಿ ಕೇಳಲು ಕಲ್ಲಿನ ಮೇಲೆ ಕೂತ. ದುರುಗಮ್ಮ ಹಟ್ಟಿಯ ಬಾಗಿಲ ಹತ್ತಿರ ಸೊಪ್ಪು ಬಿಡಿಸುತ್ತಿದ್ದಳು. ಯತೀಶ ಎಲ್ಲವನ್ನೂ ಹೇಳಿದ. ಹೆಂಚಿನ ಮನೆಯ ಅಣ್ಣ ತಮ್ಮ, ಸತ್ಯವತಿಯ ದೋಸೆ, ಗೇಟು, ಬೈಪಾಸು. ಕುರಿಯ ವಿಷಯ ಬಂದಾಗ ದುರುಗಮ್ಮ ಸೊಪ್ಪು ಕೆಳಗಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಇದೇನು ನೋಡಿ ಬಂದಂಗಾಯ್ತಲೇ?" ಅಂದ ಚೌಡಪ್ಪ.

"ಆ ಮನುಷ್ಯ ಏನೂ ನೋಡೇ ಇಲ್ಲಪ್ಪಾ. ಎಲ್ಲ ಊರೂ ಹೊರಗಿಂದ ಹೊರಗೇ ಹೋಗ್ಯಾನೆ."

"ನಾವ್ ಯಾವೂರ ಒಳಗೆ ಹೋಗಿದ್ವಿ? ಕುರಿ ಕಟ್ಕೊಂಡು ಪ್ಯಾಟಿ ಬೀದಿಗೆ ಹೋಗಾಕೆ ಬರ್ತೈತಾ?"

"ಹುಬ್ಬಳ್ಳಿ ನೋಡೀನಿ ಅಂತಿದ್ಯಲ್ಲ?"

"ಹುಬ್ಬಳ್ಳಿ ಬೆನ್ನು ನೋಡೀನಿ," ಅಂದ ಚೌಡಪ್ಪ, ಯಾವ ನಾಚಿಕೆಯೂ ಇಲ್ಲದೆ. "ಬಟ್ಟಿ ಒಣಗಾಕೋದು, ಇಟ್ಟಿಗಿ ಭಟ್ಟಿ, ಸುಡುಗಾಡು. ಊರಿನ ಮಕ ಎಲ್ಲಾರೂ ನೋಡ್ತಾರೆ. ನಾವು ಬೆನ್ನು ನೋಡಿದೋರು." ಕಣ್ಣು ಸಣ್ಣ ಮಾಡಿ ಮಗನನ್ನು ನೋಡಿದ. "ನೀನು ಆ ಪರಮಶಿವಪ್ಪಂಗೆ ಕೋಟೆ ಕೇಳಿದಿ. ನೀರು ಕೇಳಿದ್ಯಾ?"

ಯತೀಶನಿಗೆ ಇದೇ ಪ್ರಶ್ನೆ ನಿನ್ನೆಯೂ ಬಂದಿತ್ತು, ಬೇರೆ ಬಾಯಿಯಿಂದ.

"ನೀರೆಲ್ಲೈತೆ, ಯಾರು ಮಲಗಾಕೆ ಬಿಡ್ತಾರೆ, ಯಾರು ಕಲ್ಲು ಹೊಡೀತಾರೆ. ಮುಂದ್ ಹೋದವನು ಕೇಳೋದು ಅದು. ಉಳಿದದ್ದು ತಾನೇ ಕಾಣ್ತೈತೆ."

ದುರುಗಮ್ಮ ಅಷ್ಟು ಹೊತ್ತಿಗೆ ನಗು ನಿಲ್ಲಿಸಿದ್ದಳು. "ನಿಂಗೆ ಅದೊಂದೇ ಕೂಗು ಬರೋದಾ?" ಎಂದು ಕೇಳಿದಳು.

"ಮತ್ತೊಂದು ನಾನೆಲ್ಲಿ ಕೇಳೀನವ್ವಾ?"

ಅದರಲ್ಲಿ ದೂರು ಇರಲಿಲ್ಲ. ಆದರೂ ದುರುಗಮ್ಮ ಬಿಡಿಸಿದ ಸೊಪ್ಪನ್ನೇ ಮತ್ತೆ ಬಿಡಿಸಿದಳು. ಈ ಮಗ ಶಾಲೆಯ ಚೀಲ ಹೊತ್ತು ಸಂಜೆ ಮನೆಗೆ ಬರುವಾಗ ಅವಳು ಯಾರದೋ ಹೊಲದಲ್ಲಿ ಒಲೆ ಹೂಡುತ್ತಿದ್ದವಳು. ಆ ಸಂಜೆಗಳನ್ನು ಈಗಲಾದರೂ ಒಂದೊಂದಾಗಿ ಹಿಡಿದುಕೊಳ್ಳೋಣ ಎಂದು ಅವಳಿಗಿತ್ತು. ಚಿದಂಬರನ ಕೆಲಸವೆಂದರೆ ಅವಳಿಗೆ ಅಷ್ಟೇ, ದಿನಾ ಒಂದು ಸಂಜೆ.

ಅವಳು ಎದ್ದು, ಸೆರಗು ಸಿಕ್ಕಿಸಿಕೊಂಡು, ಹಟ್ಟಿಯ ಬಾಗಿಲಲ್ಲಿ ನಿಂತಳು. "ಬಾಯಿ ಹಿಂಗಿಡಬೇಕು. ದನಿ ಹೊಟ್ಟೀಲಿಂದ ಎತ್ತಬೇಕು. ಎಳೀಬೇಕು, ಇಳಿಸ್ಬೇಕು, ಕಡೀಗೆ ಕಡಿದುಬಿಡಬೇಕು. ಅಲ್ಲಿ ಜಗ್ಗಿದ್ರೆ ಅವಕ್ಕೆ ಅನುಮಾನ ಬರ್ತೈತೆ." ಮತ್ತೆ ತಲೆಯೆತ್ತಿ ಕೂಗಿದಳು. "ಹೇ... ಹೊಯ್ಯೋ... ಹೋಕ್!"

ಆಗ ತಾನೇ ಹಟ್ಟಿಗೆ ಸೇರಿ ಮೆಲುಕು ಹಾಕುತ್ತಿದ್ದ ಕುರಿಗಳು ಒಮ್ಮೆಲೇ ಎದ್ದು ನಿಂತವು. ಚೌಡಪ್ಪ "ಏಯ್ ಏಯ್" ಎನ್ನುವಷ್ಟರಲ್ಲಿ ಸೊಪ್ಪು ತುಳಿದು, ಕೊಡ ಉರುಳಿಸಿ, ಬಾಗಿಲು ದಾಟಿ ಬೀದಿಗೆ ಇಳಿದಿದ್ದವು. ಪಕ್ಕದ ಮನೆಯ ಹುಲಿಯಮ್ಮ, "ದುರುಗವ್ವಾ, ಇಷ್ಟು ವರ್ಷ ಆದ ಮ್ಯಾಲೆ ಮತ್ತೆ ಹೊಂಟ್ರೇನೇ?" ಎಂದು ಕೂಗಿದಳು. ಯತೀಶ ಬೀದಿಯ ತುದಿಗೆ ಓಡಿ, ತನಗೆ ಬರುವ ಒಂದೇ ಕೂಗನ್ನು ಕೂಗಿ ಅವನ್ನು ಹಿಂದಕ್ಕೆ ಕರೆತಂದ.

ಸೋಮವಾರ ಬೆಳಿಗ್ಗೆ ಅವನು ಬ್ಯಾಗಿಗೆ ಎರಡು ಜೊತೆ ಬಟ್ಟೆ ಹಾಕಿಕೊಂಡ. ಚಿದಂಬರನ ಕೆಲಸಕ್ಕೆ ಬಟ್ಟೆ ಬೇಕಿರಲಿಲ್ಲ. ಹಾಗೆಂದು ನಿರ್ಧಾರ ಆಗಿತ್ತೆಂದೂ ಅಲ್ಲ. ಚಂದ್ರಗುತ್ತಿ ರಸ್ತೆ ಮುಟ್ಟುವ ತನಕ ಬೈಕು ಯಾವ ಕಡೆಗೂ ತಿರುಗಬಹುದಿತ್ತು. ದುರುಗಮ್ಮ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಒಂದು ಹೊತ್ತಿಗಾಗುವಷ್ಟಲ್ಲ. ಅದನ್ನು ಅವನು ನೋಡಿದ, ಅವನು ನೋಡಿದ್ದನ್ನು ಅವಳೂ ನೋಡಿದಳು.

ಹೊಲದಲ್ಲಿ ಲಾರಿ ತುಂಬಿ ತಾಡಪಾಲು ಬಿಗಿಯುತ್ತಿದ್ದರು. ಯತೀಶ ಹಗ್ಗದ ಒಂದು ತುದಿ ಹಿಡಿದುಕೊಂಡು ಕೇಳಿದ.

"ಪರಮಣ್ಣ, ದಾರೀಲಿ ನೀರು ಎಲ್ಲೆಲ್ಲಿ ಸಿಗ್ತೈತೆ?"

ಪರಮಶಿವಪ್ಪನ ಕೈ ಗಂಟಿನ ಮೇಲೆ ನಿಂತಿತು. ಕನ್ನಡಕದ ಮೇಲಿಂದ ಒಮ್ಮೆ ನೋಡಿದ.

"ಕುಡಿಯೋಕಾ? ಮೀಯೋಕಾ?"

"ಎರಡೂ."

"ಮೀಯೋಕೆ ಬೇರೆ," ಅಂದ ಪರಮಶಿವಪ್ಪ. "ವಿಜಾಪುರ ದಾಟಿ ಒಂದು ತೋಟದ ಬಾವಿ ಐತೆ. ಯಜಮಾನ ಮುದುಕ. ಪೈಪ್ ಬಿಡ್ತಾನೆ, ಆದ್ರೆ ಸೋಪ್ ಹಚ್ಚಂಗಿಲ್ಲ, ನೀರು ದಾಳಿಂಬ್ರಿಗೆ ಹೋಗ್ತೈತೆ. ಸೊಲ್ಲಾಪುರದ್ ನೀರು ಕುಡೀಬ್ಯಾಡ. ಧುಳೆ ಘಟ್ಟ ಇಳಿದ ಮ್ಯಾಲೆ ಒಂದು ಬೇವಿನ ಮರ, ಅಲ್ಲೊಬ್ಬಳು ಮುದುಕಿ ಮಣ್ಣಿನ ಕೊಡ ಇಡ್ತಾಳೆ. ಕಾಸು ಕೊಟ್ರೆ ಬೈತಾಳೆ. ನಂಗೆ ಅವಳ ಮಾತು ತಿಳಿಯಲ್ಲ, ಅವಳಿಗೆ ನಂದು ತಿಳಿಯಲ್ಲ, ಆದ್ರೂ ಅವಳ ಸೊಸಿ ಜಗಳ ಎಲ್ಲಾ ಹೇಳ್ತಾಳೆ. ಹೋದ ಸಲ ಕೊಡ ಇರ್ಲಿಲ್ಲ. ಯಾಕೆ ಅಂತ ಗೊತ್ತಾಗ್ಲಿಲ್ಲ." ಅವನು ಹಗ್ಗ ಬಿಟ್ಟು ಗಾಲಿಗೆ ಒರಗಿ ಕೂತ. "ಗುಣಾ ಹತ್ರ ಒಂದು ಬಂಕ್ ಐತೆ. ಅಲ್ಲಿ ನಾಯಿ ಒಂದು ನನ್ನ ಲಾರಿ ಗುರ್ತು ಹಿಡೀತೈತೆ. ಬೇರೆಯೋರ ಲಾರಿ ಕೆಳಗೆ ಮಲಗಲ್ಲ. ಗ್ವಾಲಿಯರ್ ಬೈಪಾಸಿನಾಗೆ ಚಳಿಗಾಲ ಮುಂಜಾನೆ ಕೈ ಕಾಣಲ್ಲ, ಮಂಜು. ಆವಾಗ ಒಂದು ಇಟ್ಟಿಗಿ ಭಟ್ಟಿ ಹತ್ರ ನಿಲ್ಲಿಸ್ತೀನಿ. ಬೆಚ್ಚಗಿರ್ತೈತೆ ಗ್ವಾಡಿ. ಆ ಜನ ಸರೀತಾರೆ, ಜಾಗ ಕೊಡ್ತಾರೆ."

ಆಳುಗಳು ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ಅವರೂ ಈ ಮನುಷ್ಯ ಇಷ್ಟು ಮಾತಾಡಿದ್ದನ್ನು ಕಂಡಿರಲಿಲ್ಲ.

"ನಿನ್ನೆ ಇದೆಲ್ಲ ಹೇಳ್ಲಿಲ್ಲ ನೀವು," ಅಂದ ಯತೀಶ.

"ನೀ ತಾಜ್‌ಮಹಲ್ ಕೇಳಿದಿ."

ಯತೀಶ ಸ್ವಲ್ಪ ದೂರ ಹೋಗಿ, ಅನಾನಸ್ ಗಿಡಗಳ ಮುಳ್ಳು ತಾಗದ ಹಾಗೆ ನಿಂತು, ಚಿದಂಬರನಿಗೆ ಫೋನು ಮಾಡಿದ. ಹೇಗೆ ಹೇಳುವುದೆಂದು ತಡವರಿಸುವಾಗ ಆ ಕಡೆಯಿಂದ ಚಿದಂಬರನೇ ಶುರು ಮಾಡಿದ.

"ಗೊತ್ತು ಮಾರಾಯ. ಬೆಳಿಗ್ಗೆ ನೀನು ಬ್ಯಾಗ್ ಹಾಕ್ಕೊಂಡು ಸೊರಬ ದಾಟಿದ್ದು ಚಹಾ ಅಂಗಡಿಯೋರು ನೋಡಿದ್ರಂತೆ. ಹೋಗು ಹೋಗು. ನಿನ್ನ ಜಾಗಕ್ಕೆ ಇವತ್ತೇ ಬೇರೆಯವ್ನ ಕೂರಿಸ್ತೀನಿ, ಬೇಜಾರಿಲ್ಲ." ಆ ಕಡೆ ಯಾರಿಗೋ ಏನೋ ಕೂಗಿ ಹೇಳಿ ಮತ್ತೆ ಫೋನಿಗೆ ಬಂದ. "ಒಂದು ಕೆಲಸ ಮಾಡು. ನಮ್ಮ ಅಡಿಕೆ ಆ ಕಡೆಗೇ ಹೋಗ್ತದೆ ಅಂತಾರೆ. ಅಪ್ಪನ ಕಾಲದಿಂದ ಬೆಳೀತಾ ಇದೀವಿ, ಅದು ಯಾರ ಬಾಯಿಗೆ ಹೋಗ್ತದೆ ಅಂತ ಒಬ್ರೂ ನೋಡಿಲ್ಲ. ಅಗಿಯೋರ ಮುಖ ಹೆಂಗಿರ್ತದೆ, ನೋಡ್ಕೊಂಡು ಬಂದು ಹೇಳು."

"ಹೇಳ್ತೀನಣ್ಣಾ," ಅಂದ ಯತೀಶ.

ಆಮೇಲೆ ಮನೆಗೆ ಮಾಡಿದ. ದುರುಗಮ್ಮ ಎತ್ತಿದಳು. ಅವನು ಏನೂ ಹೇಳುವ ಮುಂಚೆ, "ರೊಟ್ಟಿ ಮೊದ್ಲು ಮೆತ್ತಂದು ತಿನ್ನು, ಕಟಕಂದು ಕೆಡದಂಗೆ ಇರ್ತೈತೆ," ಅಂದಳು. ಫೋನು ಇಡಲಿಲ್ಲ. "ಸಂಜಿಗೆ ಫೋನ್ ಮಾಡು. ಉಂಡ್ಯಾ, ಮಲಗಿದ್ಯಾ ಅಂತ ನಾನು ಕೇಳಲ್ಲ. ಏನು ಕಂಡೆ ಅದು ಹೇಳು. ನಿಮ್ಮಪ್ಪಂಗೆ ಅಲ್ಲ, ನಂಗೆ ಹೇಳು."

ಆನವಟ್ಟಿಯ ತನಕ ಪರಮಶಿವಪ್ಪ ಓಡಿಸಿ, ಊರು ದಾಟಿದ ಮೇಲೆ ಸ್ಟೇರಿಂಗ್ ಬಿಟ್ಟುಕೊಟ್ಟ. ಲಾರಿ ಎಮ್ಮೆಯ ಹಾಗೆ ಭಾರವಾಗಿ, ಹೇಳಿದ ಮೇಲೆ ಒಂದಿಷ್ಟು ಯೋಚಿಸಿ ತಿರುಗುತ್ತಿತ್ತು. ಹಿಂದಿನಿಂದ ಅನಾನಸ್ಸಿನ ವಾಸನೆ. ಎತ್ತರದ ಆ ಸೀಟಿನಿಂದ ಬೇಲಿಯ ಆಚೆಗಿನದೂ ಕಾಣುತ್ತಿತ್ತು. ಮನೆಗಳ ಹಿತ್ತಲು, ಬಟ್ಟೆ, ಬಣವೆಯ ಹಿಂದೆ ಕೂತು ಯಾರಿಗೂ ಕಾಣದ ಹಾಗೆ ಫೋನಿನಲ್ಲಿ ಮಾತಾಡುತ್ತಿದ್ದ ಒಬ್ಬ ಹುಡುಗಿ. ಯತೀಶ ಎಲ್ಲವನ್ನೂ ಸಂಜೆಗೆಂದು ಎತ್ತಿಟ್ಟುಕೊಳ್ಳುತ್ತ ಹೋದ.

ಒಂದು ತಿರುವು ದಾಟಿದರೆ ರಸ್ತೆ ತುಂಬ ಕುರಿ. ಅದೇ ಹೋತ, ಹಿಂದೆ ಅದೇ ಜೀನ್ಸು, ಅದೇ ಕಂಬಳಿ.

ಯತೀಶ ಬ್ರೇಕ್ ಒತ್ತಿದ. ಪರಮಶಿವಪ್ಪ ಹಾರ್ನಿನ ಕಡೆ ಕೈ ಚಾಚಿದ. "ಒಂದ್ ನಿಮಿಷ ಅಣ್ಣಾ," ಅಂದು ಯತೀಶ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಬಾಯಿ ಹೀಗಿಟ್ಟ. ದನಿ ಹೊಟ್ಟೆಯಿಂದ ಎತ್ತಿದ. ಎಳೆದ, ಇಳಿಸಿದ, ಕಡಿದ.

ಕುರಿಗಾರ ತಟ್ಟನೆ ಹಿಂದಿರುಗಿ ನೋಡಿದ. ಅರ್ಧ ಮಂದೆ ಎಡಕ್ಕೆ ಸರಿಯಿತು. ಉಳಿದರ್ಧ ನಿಂತಲ್ಲೇ ನಿಂತು, ಕಿವಿ ನಿಮಿರಿಸಿ, ಇವನು ಬಾ ಅಂತಾನೋ ಹೋಗು ಅಂತಾನೋ ಎಂದು ಯತೀಶನನ್ನೇ ದಿಟ್ಟಿಸಿದವು.

"ಕಡೀಗೆ ಜಗ್ಗಿದಿ!" ಎಂದು ಕುರಿಗಾರ ಕೂಗಿದ, ನಗುತ್ತ. ಉಳಿದವನ್ನು ಕೋಲಿನಿಂದ ತಾನೇ ಸರಿಸಿದ.

ಲಾರಿ ಅವನ ಪಕ್ಕಕ್ಕೆ ಬಂದಾಗ ಯತೀಶ ಕೇಳಿದ. "ಆ ಕೆರೇಲಿ ಕುಡಿಸಿದ್ಯಾ? ಆಚೆ ದಡ ಗಟ್ಟಿ ಐತೆ."

"ಕುಡಿಸೇನಿ. ಹೌದ, ಆಚಿ ದಂಡಿನ ಛಲೋ." ಅವನು ಲಾರಿಯ ಉದ್ದಕ್ಕೂ ಕಣ್ಣಾಡಿಸಿದ. "ನೀ ಎತ್ತಾಗ?"

"ದಿಲ್ಲಿ."

"ಅಲ್ಲಿ ತನಕಾ ನೀರ ಅದಾವೇನ?"

ಯತೀಶ ಪರಮಶಿವಪ್ಪನ ಕಡೆ ನೋಡಿದ. ಪರಮಶಿವಪ್ಪ ಕನ್ನಡಕ ಒರೆಸಿಕೊಳ್ಳುತ್ತಿದ್ದ.

"ನೋಡಿ ಬಂದು ಹೇಳ್ತೀನಿ," ಅಂದು ಯತೀಶ ಗೇರ್ ಬದಲಿಸಿದ.